ನೆಟ್ಟಗೆ ನಿಂತ ಅಕ್ಷರ

"ಇವೆಲ್ಲ ಯಾಕೆ ತಲೆಕೆಳಗಾಗಿವೆ?" ಎಂದು ಕೇಳಿದೆ.

ಟ್ಯಾಂಕಿನ ಕಾವಲಿನವಳು ಬ್ಯಾಟರಿಯ ಬೆಳಕನ್ನು ಉಕ್ಕಿನ ಗೋಡೆಯ ಮೇಲೆ ಆಡಿಸಿದಳು. ಹಳದಿ ಬಳಪದ ಬಾಣಗಳು, ಅಳತೆಗಳು, ಅಂಕಿಗಳು ಗೋಡೆ ತುಂಬ ಇದ್ದವು. ಕಣ್ಣಿಗೆ ಬಿದ್ದದ್ದರಲ್ಲಿ ಒಂದೂ ನೆಟ್ಟಗಿರಲಿಲ್ಲ. ಓದಬೇಕಾದರೆ ಬಗ್ಗಿ ಕಾಲ ಸಂದಿಯಿಂದ ನೋಡಬೇಕಿತ್ತು. ನನ್ನ ಮಂಡಿಗಳು ಅಂಥ ಸರ್ಕಸ್ಸಿಗೆ ಒಪ್ಪುವ ವಯಸ್ಸು ದಾಟಿ ಬಹಳ ದಿನವಾಯಿತು.

"ಕಟ್ಟೋದೇ ಹಾಗೆ ಅಮ್ಮ," ಎಂದಳು. "ಹಡಗನ್ನ ಒಂದೇ ಸಲ ಕಟ್ಟಲ್ಲ. ಶೆಡ್ಡಲ್ಲಿ ತುಂಡು ತುಂಡಾಗಿ ಕಟ್ತಾರೆ. ಅದಕ್ಕೆ ಬ್ಲಾಕ್ ಅಂತೀವಿ. ತಳದ ಬ್ಲಾಕುಗಳನ್ನ ಬೋರಲು ಹಾಕ್ಕೊಂಡು ಕಟ್ತಾರೆ, ಬೆಸುಗೆ ಹಾಕೋರಿಗೆ ಕೈಗೆ ಸಿಗ್ಲಿ ಅಂತ. ಮುಗಿದ ಮೇಲೆ ಕ್ರೇನ್‌ನಲ್ಲಿ ಎತ್ತಿ ಮಗುಚ್ತಾರೆ. ಒಳಗೆ ಬರೆದಿದ್ದೆಲ್ಲ ಆಗ ಹೀಗೆ ತಲೆಕೆಳಗಾಗತ್ತೆ. ನಮಗೆ ರೂಢಿ ಬಿಡಿ, ತಲೆ ವಾಲಿಸದೇನೇ ಓದ್ತೀವಿ."

ನಾವು ನಿಂತಿದ್ದದ್ದು ಕಚ್ಚಾ ಎಣ್ಣೆ ಸಾಗಿಸಲು ಕಟ್ಟುತ್ತಿರುವ ಹಡಗಿನ ತಳದಲ್ಲಿ. ಇಂಥ ಹಡಗಿಗೆ ಎರಡು ಗೋಡೆ. ಹೊರಗಿನದು ಸಮುದ್ರವನ್ನು ತಡೆಯುತ್ತದೆ, ಒಳಗಿನದು ಎಣ್ಣೆಯನ್ನು ಹಿಡಿದಿಡುತ್ತದೆ. ನಡುವೆ ಎರಡು ಮೀಟರಿನ ಸಂದು. ಹಡಗು ಖಾಲಿ ಹೊರಟಾಗ ತೂಕಕ್ಕೆಂದು ಈ ಸಂದಿನಲ್ಲಿ ನೀರು ತುಂಬುತ್ತಾರೆ. ಮೇಲಿನ ಡೆಕ್ಕಿನಲ್ಲಿರುವ ತೂತಿನಿಂದ ಇಳಿದು ಇಲ್ಲಿಗೆ ಬರಲು ನಾಲ್ಕು ಏಣಿ.

ಆರು ದಿನದ ಹಿಂದೆ ನಾಲ್ಕನೆಯ ಏಣಿಯಿಂದ ನನ್ನ ಭಾವ ಬಿದ್ದು ಸತ್ತಿದ್ದರು.

ಅವರು ಇಲ್ಲಿ ಬೆಸುಗೆ ಪರೀಕ್ಷಕರು. ಮೂವತ್ತು ವರ್ಷ ಹಳದಿ ಬಳಪ ಕಿಸೆಯಲ್ಲಿಟ್ಟುಕೊಂಡು ಓಡಾಡಿದ್ದಕ್ಕೆ ಜನ ಅವರನ್ನು ಬಳಪದಯ್ಯ ಎನ್ನುತ್ತಿದ್ದರು. ಅವರು 'ನೋಡಿದೆ, ಸರಿ' ಎಂದು ಬರೆದಿದ್ದ ಬೆಸುಗೆ ಹೋದ ವಾರ ನೀರು ತುಂಬಿ ಪರೀಕ್ಷಿಸಿದಾಗ ಜಿನುಗಿತಂತೆ. ಆ ಅವಮಾನ ತಾಳದೆ ತಾವೇ ಹಾರಿಕೊಂಡರು ಎಂದು ಕಾರ್ಖಾನೆ ಕೈತೊಳೆದುಕೊಂಡಿತ್ತು. ಅವರ ಮಗಳು ಅದನ್ನು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ಹಡಗು ವಿಮೆಯ ತನಿಖೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳಿಗೆ ಇಷ್ಟು ಗೊತ್ತು, ನಾವು ನಂಬದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ತೋರಿಸಬೇಕು.

ತೋರಿಸಲು ನನಗೆ ಮಧ್ಯಾಹ್ನ ಮೂರರವರೆಗೆ ಸಮಯವಿತ್ತು. ಮೂರಕ್ಕೆ ಬಣ್ಣದವರು ಬಂದು, ಉಕ್ಕಿನ ಹರಳನ್ನು ಗಾಳಿಯ ರಭಸದಲ್ಲಿ ಎರಚಿ ಗೋಡೆಗಳನ್ನು ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬಳಪದ ಒಂದು ಗೀರೂ ಉಳಿಯುವುದಿಲ್ಲ. ಅದನ್ನು ಎರಡು ದಿನ ಮುಂದೂಡಿಸುತ್ತೇನೆಂದು ಭಾವನ ಅಣ್ಣ ಬೆಳಿಗ್ಗೆ ನನಗೆ ಮಾತು ಕೊಟ್ಟಿದ್ದರು. ಅವರು ಇಲ್ಲಿಯ ಮುಖ್ಯ ವಿನ್ಯಾಸಕರು, ಈ ಹಡಗಿನ ನಕ್ಷೆಯೇ ಅವರದು. ನನ್ನನ್ನು ಕರೆಸಿದ್ದೂ ಅವರೇ. ಆದರೂ ಕೈಯಲ್ಲಿ ಚೀಟಿ ಬರುವವರೆಗೆ ನಾನು ಯಾರ ಮಾತನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಜಿನುಗಿದ್ದು ಎಲ್ಲಿ?"

ಕಾವಲಿನವಳು ಮೂಲೆಗೆ ಬೆಳಕು ಹಿಡಿದಳು. ಒಳಗೋಡೆಯಲ್ಲಿ ತಟ್ಟೆಯಗಲದ ಒಂದು ತೇಪೆ. ಸುತ್ತ ಬೆಸುಗೆಯ ಉಬ್ಬು. ಬೆಸುಗೆ ಹಾಕಿದವನು ತನ್ನ ಅಂಕಿಯನ್ನು ಪಕ್ಕದಲ್ಲೇ ಉಕ್ಕಿಗೆ ಅಚ್ಚು ಹೊಡೆಯಬೇಕು ಎನ್ನುವುದು ಇಲ್ಲಿಯ ಕಟ್ಟಳೆ. ಇದಕ್ಕೆ ನಲವತ್ತೊಂದು ಎಂದು ಹೊಡೆದಿತ್ತು. ಅದೂ ತಲೆಕೆಳಗೆ.

ಅದರ ಒಂದು ಗೇಣು ಆಚೆ, ಹಳದಿ ಬಳಪದಲ್ಲಿ: 'ನೋಡಿದೆ. ಸರಿ.' ಕೆಳಗೆ ತಾರೀಖು. ನಾಲ್ಕು ತಿಂಗಳ ಹಿಂದಿನ ಹದಿನೇಳು.

ಅದನ್ನು ಮಾತ್ರ ನಾನು ನಿಂತಲ್ಲಿಂದಲೇ, ಕತ್ತು ಕೊಂಕಿಸದೆ ಓದಿದ್ದೆ.

"ಈ ಬ್ಲಾಕ್ ಮಗುಚಿದ್ದು ಯಾವತ್ತು?"

"ಚಾರ್ಟಲ್ಲಿ ಅದೇ ತಿಂಗಳು ಇಪ್ಪತ್ತು ಅಂತಿದೆ. ನಾನು ಆಗ ಇಲ್ಲಿ ಇರ್ಲಿಲ್ಲ, ನಮ್ಮ ಕೆಲಸ ಬ್ಲಾಕು ಹಡಗಿಗೆ ಕೂತ ಮೇಲೆ ಶುರುವಾಗೋದು."

ಹದಿನೇಳಕ್ಕೆ ಬ್ಲಾಕ್ ಬೋರಲಾಗಿತ್ತು. ಹದಿನೇಳಕ್ಕೆ ಬರೆದದ್ದು ಇವತ್ತು ತಲೆಕೆಳಗಿರಬೇಕು. ಇದು ನೆಟ್ಟಗೆ ನಿಂತು ನನ್ನ ಮುಖ ನೋಡುತ್ತಿತ್ತು. ಅಂದರೆ ಯಾರೋ ಬ್ಲಾಕ್ ಮಗುಚಿದ ಮೇಲೆ, ಬಹುಶಃ ನೀರು ಜಿನುಗಿದ ಮೇಲೆ, ಇಲ್ಲಿ ನಿಂತು ಹಳೆಯ ತಾರೀಖು ಹಾಕಿ ಬರೆದಿದ್ದಾರೆ.

ಕಾವಲಿನವಳೂ ನೋಡಿದಳು. "ಅಮ್ಮ, ನಾನು ಏನೂ ನೋಡಿಲ್ಲ," ಎಂದಳು.

"ಸರಿ, ನೋಡಿಲ್ಲ. ಆವತ್ತು ಭಾವನ ಜೊತೆ ಯಾರು ಇಳಿದಿದ್ರು? ಅದನ್ನಾದ್ರೂ ನೋಡಿದ್ಯಾ?"

"ಹಲಗೆ ಮೇಲೆ ಅವರದೊಂದೇ ಬಿಲ್ಲೆ ಇತ್ತು." ಒಳಗಿಳಿಯುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಮೇಲಿನ ಹಲಗೆಗೆ ನೇತುಹಾಕಬೇಕು. ಅವಳೇ ಸೇರಿಸಿದಳು. "ನಾನು ಊಟಕ್ಕೆ ಹೋಗಿದ್ದೆ. ಬಿಲ್ಲೆ ಹಾಕದೆ ಇಳಿಯೋ ದೊಡ್ಡೋರೂ ಇದ್ದಾರೆ. ಕೇಳೋಕೆ ನಾನ್ಯಾರು?"

ಫೋನನ್ನು ಮೇಲೆಯೇ ಬಿಟ್ಟು ಬರಬೇಕೆಂಬ ನಿಯಮ, ಫೋಟೋ ತೆಗೆಯುವಂತಿಲ್ಲ. ನನ್ನ ಚೀಲದಲ್ಲಿ ಬಟರ್ ಪೇಪರ್ ಇತ್ತು, ವಿಮೆ ಕೆಲಸದ ಹಳೆಯ ಚಾಳಿ. ಗೋಡೆಗೊತ್ತಿ ಆ ಎರಡು ಪದ, ಒಂದು ತಾರೀಖನ್ನು ಪೆನ್ಸಿಲಿನಲ್ಲಿ ಗೀರು ಬಿಡದೆ ತೆಗೆದುಕೊಂಡೆ. ಇದು ಯಾರ ಮುಂದೆಯೂ ಸಾಕ್ಷಿಯಾಗುವುದಿಲ್ಲವೆಂದು ಗೊತ್ತಿತ್ತು. ಬಟರ್ ಪೇಪರಿನ ಮೇಲೆ ಯಾರು ಏನು ಬೇಕಾದರೂ ಗೀಚಬಹುದು. ಸಾಕ್ಷಿ ಇದ್ದದ್ದು ಗೋಡೆಯ ಮೇಲೆ, ಅದೂ ಮೂರು ಗಂಟೆಯವರೆಗೆ.

*

ನಲವತ್ತೊಂದು ಎಂದರೆ ಕಿಡಿ ಮೇಸ್ತ್ರಿ. ಸಿಟ್ಟು ಮೂಗಿನ ತುದಿಯಲ್ಲಿದ್ದದ್ದರಿಂದ ಆ ಹೆಸರೋ, ಬೆಸುಗೆಯ ಕೆಲಸದಿಂದಲೋ ಗೊತ್ತಿಲ್ಲ. ಭಾವ ಸತ್ತ ದಿನದಿಂದ ಈ ಮನುಷ್ಯ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಅವತ್ತು ಓಡಲು ಜಾಗವಿರಲಿಲ್ಲ. ಬೆಸುಗೆ ಕಡ್ಡಿಗಳನ್ನು ಒಣಗಿಸುವ ಕೋಣೆಗೆ ಒಂದೇ ಬಾಗಿಲು, ಆ ಬಾಗಿಲಲ್ಲಿ ನಾನು ನಿಂತಿದ್ದೆ.

ಗೋಡೆಯುದ್ದಕ್ಕೂ ಕಬ್ಬಿಣದ ಒಲೆಗಳು. ಸೆಕೆಗೆ ನನ್ನ ಕನ್ನಡಕ ಮಂಜಾಯಿತು. ಮೇಸ್ತ್ರಿ ಕೈಗವಸು ತೊಟ್ಟು ಕಡ್ಡಿಗಳ ಕಟ್ಟು ಎಣಿಸುತ್ತಿದ್ದ. ಅವನ ಮೇಜಿನ ಅರೆತೆರೆದ ಡ್ರಾಯರಿನಲ್ಲಿ ಹಳದಿ ಬಳಪದ ನಾಲ್ಕು ತುಂಡು ಕಂಡವು. ನೀರಿಗೂ ಜಗ್ಗದ ಮೇಣದ ಬಳಪ, ಭಾವ ಬಳಸುತ್ತಿದ್ದಂಥದೇ.

"ತೇಪೆ ಹಾಕಿದ್ದು ನೀವು," ಎಂದೆ.

"ಹಾಕಿದ್ದೆ. ಅಚ್ಚು ಇದ್ಯಲ್ಲ, ಕಳ್ಳತನ ಮಾಡಿದ್ರೆ ಅಚ್ಚು ಹೊಡೀತಿದ್ನಾ?"

"ನಕ್ಷೆಯಲ್ಲಿ ಅಲ್ಲಿ ತೇಪೆ ಇಲ್ಲ."

ಎಣಿಸುವುದು ನಿಂತಿತು. "ನಕ್ಷೆಯಲ್ಲಿ ಅಲ್ಲಿ ತೂತಿತ್ತು. ಪೈಪು ಹಾಯಿಸೋಕೆ. ನಾವು ನಕ್ಷೆ ನೋಡಿ ಕತ್ತರಿಸಿದ್ವಿ. ಆಮೇಲೆ ಮೇಲಿಂದ ಹೊಸ ನಕ್ಷೆ ಬಂತು, ಅದರಲ್ಲಿ ತೂತೇ ಇಲ್ಲ! ಎಣ್ಣೆಗೂ ನೀರಿಗೂ ನಡುವಿನ ಗೋಡೇಲಿ ಯಾರಾದ್ರೂ ತೂತು ಇಡ್ತಾರಾ? ಬರೆದೋರಿಗೆ ಆಮೇಲೆ ಹೊಳೀತು ಅಂತ ಕಾಣತ್ತೆ. 'ತೇಪೆ ಹಾಕಿ, ಸದ್ದು ಬೇಡ' ಅಂತ ಹೇಳಿಕಳಿಸಿದ್ರು. ಹದಿನಾಲ್ಕಕ್ಕೆ ಹಾಕ್ದೆ."

"ಯಾರು ಹೇಳಿಕಳಿಸಿದ್ದು?"

"ನಕ್ಷೆ ಆಫೀಸಿಂದ ಫೋನು. ಅಲ್ಲಿ ಮೂವತ್ತು ಜನ ಇದ್ದಾರೆ. ನನಗೆ ಧ್ವನಿಯೆಲ್ಲ ಗುರುತು ಹಿಡಿಯೋಕೆ ಬರಲ್ಲ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಟರ್ ಪೇಪರನ್ನು ಅವನ ಮುಂದೆ ಹರವಿದೆ.

"ನೀರು ಜಿನುಗಿತು. ತೇಪೆ ನಿಮ್ಮದು. ಯಾವ ಪರೀಕ್ಷೆಯೂ ಆಗಿರಲಿಲ್ಲ. ಸಿಕ್ಕಿಬೀಳ್ತೀನಿ ಅಂತ ಇಳಿದು, ಡ್ರಾಯರಲ್ಲಿರೋ ಈ ಬಳಪದಲ್ಲೇ ಭಾವನ ಹೆಸರಿಗೆ ಬರೆದ್ರಿ. ಅವರು ನೋಡಿಬಿಟ್ರು. ಏಣಿ ಹತ್ತೋಕೆ ಬಿಡಲಿಲ್ಲ. ಹೌದೋ ಅಲ್ವೋ?"

ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಅವನು ಕಾಗದದ ಮೇಲೆ ಬಾಗಿದ. ಆಮೇಲೆ ಕೈಗವಸು ಕಳಚಿ, ಕಾಗದದ ಒಂದು ತುದಿಯನ್ನು ಬೆರಳಿಂದ ಮುಟ್ಟಿ ಕೇಳಿದ.

"ಇದು ಗೋಡೆ ಮೇಲೆ ಹೀಗೇ ಇದ್ಯಾ? ನೆಟ್ಟಗೆ?"

"ನೆಟ್ಟಗೇ."

ಅವನು ನಕ್ಕುಬಿಟ್ಟ. ಅದರಲ್ಲಿ ಸಂತೋಷವೇನೂ ಇರಲಿಲ್ಲ.

"ಅಮ್ಮ, ಹಳೇ ತಾರೀಖು ಹಾಕಿ ನಾನು ಬರೆದಿದ್ರೆ ತಲೆಕೆಳಗಾಗಿ ಬರೀತಿದ್ದೆ. ಶೆಡ್ಡಲ್ಲಿ ಕಸ ಗುಡಿಸೋನು ಕೂಡ ಹಾಗೇ ಬರೀತಿದ್ದ. ನಮ್ಮ ಕಣ್ಣಿಗೆ ಬ್ಲಾಕು ಅಂದ್ರೆ ಬೋರಲಾಗಿರೋದೇ. ಇದು ಆಫೀಸಿನೋರ ತಪ್ಪು. ಅವರ ಕಾಗದದಲ್ಲಿ ಹಡಗು ಯಾವತ್ತಾದ್ರೂ ಮಗುಚಿದ್ಯಾ? ಹುಟ್ಟಿದಾಗಿಂದ ನೆಟ್ಟಗೇ ಕೂತಿರತ್ತೆ. ಕೇಳಿದ್ರೆ ಗೊತ್ತು ಅಂತಾರೆ. ಬಳಪ ಕೈಗೆ ಬಂದಾಗ ಹೊಳೆಯಲ್ಲ."

ಮಾತಿನಲ್ಲಿ ಹುರುಳಿತ್ತು. ಅದು ನನಗೆ ಇಷ್ಟವಾಗಲಿಲ್ಲ, ಯಾಕೆಂದರೆ ಆ ಕ್ಷಣದವರೆಗೆ ನಾನು ಇವನೇ ಎಂದು ನಿರ್ಧರಿಸಿಬಿಟ್ಟಿದ್ದೆ.

"ಹಾಗಾದ್ರೆ ನನ್ನನ್ನು ಕಂಡು ಯಾಕೆ ಓಡ್ತಿದ್ರಿ?"

ಅವನ ಮುಖ ಸಣ್ಣದಾಯಿತು. "ಅಯ್ಯನ್ನ ಪರೀಕ್ಷೆಗೆ ಕರೀತೀವಿ ಅಂದಿದ್ರು. ಕರೀಲಿಲ್ಲ ಅಂತ ನನಗೆ ಗೊತ್ತಿತ್ತು. ನಾನಾದ್ರೂ ಹೋಗಿ ಒಂದು ಮಾತು ಹೇಳಬಹುದಿತ್ತು. ತೇಪೆ ಹಾಕಿದ ಮಾರನೇ ದಿನ ಹಲ್ಲು ಕೀಳಿಸ್ಕೊಂಡು ವಾರ ಪೂರ್ತಿ ಮನೇಲಿ ಮಲಗಿಬಿಟ್ಟೆ. ಆಮೇಲೆ ಬಾಯಿ ಸರಿಹೋಯ್ತು, ಆದ್ರೂ ಹೇಳ್ಲಿಲ್ಲ. ಅವರ ಮಗಳ ಮುಖ ನೋಡೋಕಾಗಲ್ಲ ನನಗೆ."

ಅವನ ಮೇಲೆ ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅವನನ್ನು ನಂಬಿದೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

*

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ದೊಡ್ಡ ಕ್ರೇನಿನ ಬುಡದಲ್ಲಿ ಚಾಲಕರಿಗೊಂದು ಕೋಣೆಯಿದೆ. ಎರಡು ಬೆಂಚು, ಒಂದು ಕಿಟಕಿ, ಕೈ ತೊಳೆಯುವ ತೊಟ್ಟಿ. ನನ್ನ ಅಕ್ಕನ ಮಗಳು ಅಲ್ಲಿ ಒಬ್ಬಳೇ ಕೂತಿದ್ದಳು. ಊಟದ ಡಬ್ಬಿ ತೆರೆದಿತ್ತು, ಊಟ ಹಾಗೇ ಇತ್ತು. ತಾಯಿ ಹೋದಾಗ ಇವಳಿಗೆ ಒಂಬತ್ತು. ಅಲ್ಲಿಂದ ಈಚೆಗೆ ಅಪ್ಪನೇ ಎಲ್ಲ. ಈ ಹುಡುಗಿ ಕ್ರೇನು ಕಲಿಯುತ್ತೇನೆಂದಾಗ ನಾನು ಬೇಡವೆಂದಿದ್ದೆ, ಭಾವ ಹೂಂ ಎಂದಿದ್ದರು.

"ಚಿಕ್ಕಮ್ಮ, ಏನಾದ್ರೂ ಸಿಕ್ತಾ?"

"ಸಿಕ್ತು. ನಿಮ್ಮಪ್ಪ ಆ ತೇಪೆ ಪರೀಕ್ಷೆ ಮಾಡೇ ಇಲ್ಲ. ಯಾರೋ ಅವರ ಹೆಸರಲ್ಲಿ ಬರೆದಿದ್ದಾರೆ."

ಹೆಮ್ಮೆಯಿಂದಲೇ ಕಾಗದ ಬಿಚ್ಚಿದೆ. ಗಟ್ಟಿ ನೆಲ ಕಾಲಿಗೆ ಸಿಕ್ಕಿತೆಂಬ ನಂಬಿಕೆ ನನ್ನದು. ಅವಳು ನೋಡಿದಳು. ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದು ಅಪ್ಪನ ಅಕ್ಷರ," ಎಂದಳು.

"ಅನುಕರಣೆ ಮಾಡಿದ್ದಾರೆ ಕಣೇ."

"ಇಲ್ಲ ಚಿಕ್ಕಮ್ಮ. 'ನೋ'ದ ದೀರ್ಘ ನೋಡಿ, ಕೈ ಎತ್ತದೇನೇ ಮುಂದಿನ ಅಕ್ಷರಕ್ಕೆ ಹೋಗಿದ್ದಾರೆ. ನನ್ನ ಶಾಲೆ ಪುಸ್ತಕಕ್ಕೆಲ್ಲ ಅವರೇ ಹೆಸರು ಬರೆದಿದ್ದು. ಅಪ್ಪನ ಅಕ್ಷರ ನನಗೆ ಗೊತ್ತಾಗಲ್ವಾ?"

ನಾನು ಬೆಂಚಿನ ಮೇಲೆ ಕೂತೆ. ನಾಲ್ಕು ಏಣಿ ಇಳಿದು, ಹತ್ತಿ, ನಾನು ಹೊತ್ತು ತಂದದ್ದು ಏನನ್ನು? ಬರಹ ಆಮೇಲಿನದು ಎಂದು ಸಾಬೀತಾಯಿತು, ಬರೆದ ಕೈ ಭಾವನದೆಂದೂ ಸಾಬೀತಾಯಿತು. ಎರಡನ್ನೂ ಕೂಡಿಸಿದರೆ, ಮೂವತ್ತು ವರ್ಷ ಯಾರ ಮುಲಾಜಿಗೂ ಬೀಳದ ಬಳಪದಯ್ಯ ಕೊನೆಗೆ ಸುಳ್ಳು ತಾರೀಖು ಹಾಕಿದರು. ಕಾರ್ಖಾನೆ ಹೇಳಿದ್ದಕ್ಕಿಂತ ಇದು ಕೆಟ್ಟದಾಗಿತ್ತು. ಸತ್ತ ಮನುಷ್ಯನ ಮೇಲೆ ನನಗೆ ಕೋಪ ಉಕ್ಕಿ ಬಂತು, ಇದನ್ನು ಬಚ್ಚಿಡುವುದಿಲ್ಲ. ಇದೇನು ಮಾಡಿದಿರಿ ಭಾವ, ಈ ಮಗುವಿಗೆ ನಾನೀಗ ಏನು ಹೇಳಲಿ ಎಂದು ಮನಸ್ಸಿನಲ್ಲೇ ಬೈದೆ.

ಅವಳು ಅಳುತ್ತಿರಲಿಲ್ಲ. ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ಹದಿನೇಳು," ಎಂದಳು. "ಯಾಕೆ ಹದಿನೇಳು ಹಾಕಿದ್ರು?"

"ಮಗುಚಿದ್ದು ಇಪ್ಪತ್ತಕ್ಕೆ. ಅದಕ್ಕೆ ಮುಂಚಿನ ಯಾವುದೋ ಒಂದು ದಿನ."

"ಇಪ್ಪತ್ತಕ್ಕಲ್ಲ. ಅದು ಚಾರ್ಟಲ್ಲಿ ಹಾಕಿದ್ದ ದಿನ. ಆ ವಾರ ಜೋರು ಗಾಳಿ ಬರತ್ತೆ ಅಂತ ಹವಾಮಾನದೋರು ಹೇಳಿದ್ರು, ಮೂರು ದಿನ ಮುಂಚೇನೇ ಎತ್ತಿದ್ವಿ. ಹದಿನೇಳಕ್ಕೆ, ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ಮುಗಿಸಿದ್ದು." "ಚಿಕ್ಕಮ್ಮ, ಹದಿನೇಳಕ್ಕೆ ಈ ಬ್ಲಾಕು ನನ್ನ ಕೊಕ್ಕೆಯಲ್ಲಿ ನೇತಾಡ್ತಿತ್ತು. ಇನ್ನೂರ ಅರವತ್ತು ಟನ್ನು. ಅದರೊಳಗೆ ಯಾವ ಮನುಷ್ಯನೂ ನಿಂತು ಬರಿಯೋಕೆ ಆಗ್ತಿರ್ಲಿಲ್ಲ. ಇಳಿಸಿದ ಮೇಲೂ ಅವತ್ತು ಯಾರನ್ನೂ ಒಳಗೆ ಬಿಡಲಿಲ್ಲ."

ನಾನು ಎದ್ದು ನಿಂತೆ.

"ನಿಮ್ಮಪ್ಪನಿಗೆ ಅದು ನೆನಪಿತ್ತಾ?"

"ನೆನಪಾ? ನಾನು ಒಬ್ಬಳೇ ಮಗುಚಿದ ಮೊದಲನೇ ಬ್ಲಾಕ್ ಅದು. ಅವತ್ತು ಅಪ್ಪ ಕೆಲಸಕ್ಕೇ ಹೋಗಲಿಲ್ಲ. ಹಗ್ಗದ ಆಚೆ ಹಣೆಗೆ ಕೈ ಅಡ್ಡ ಹಿಡ್ಕೊಂಡು ಎಂಟು ಗಂಟೆ ನಿಂತಿದ್ರು. ನಾನು ಇಳಿದು ಬಂದ್ರೆ ಹೊಗಳಿಕೆ ಒಂದೇ ಮಾತು: 'ಪರವಾಗಿಲ್ಲ, ಚೆನ್ನಾಗೇ ಇಳಿಸ್ದೆ.' ಮನೆಗೆ ಹೋಗಿ ಕ್ಯಾಲೆಂಡರಲ್ಲಿ ಹದಿನೇಳಕ್ಕೆ ಸುತ್ತು ಹಾಕಿದ್ರು."

ಈಗ ನನಗೆ ಬೆಳಕು ಹರಿಯಿತು. ಬಳಪ ಹಿಡಿದು ಮುದುಕರಾದ ಮನುಷ್ಯ ಶೆಡ್ಡಿನ ಕಸ ಗುಡಿಸುವವನೂ ಮಾಡದ ತಪ್ಪು ಮಾಡಲಾರರು. ಮಗಳು ಬ್ಲಾಕ್ ಎತ್ತಿದ ದಿನವನ್ನು ಮರೆಯಲಾರರು. ಅವರ ಪಕ್ಕದಲ್ಲಿ ಯಾರೋ ನಿಂತು, ಇಪ್ಪತ್ತಕ್ಕೆ ಮುಂಚಿನ ತಾರೀಖು ಹಾಕು ಎಂದು ಬರೆಸಿದ್ದಾರೆ. ಹೇಗೆ ಹೆದರಿಸಿದರೋ, ಏನು ಹೇಳಿ ಬಗ್ಗಿಸಿದರೋ ಗೊತ್ತಿಲ್ಲ. ಭಾವ ಬರೆದರು. ಆದರೆ ನೋಡಿದ ಕೂಡಲೇ ಸುಳ್ಳೆಂದು ಗೊತ್ತಾಗುವ ಹಾಗೆ ಬರೆದರು. ಬರೆಸಿದವನ ಕಣ್ಣಿಗೆ ಅದು ಕಾಣಲಿಲ್ಲ.

"ನನಗೆ ಬರೆದಿದ್ದು," ಎಂದಳು ಹುಡುಗಿ. "ನಾನೊಬ್ಬಳು ಓದ್ತೀನಿ ಅಂತ ಬರೆದಿದ್ದು." ಆಗ ಅತ್ತಳು. ನನಗೂ ತಡೆಯಲಾಗಲಿಲ್ಲ. ಬೈದಿದ್ದಕ್ಕೆ ಭಾವನ ಹತ್ತಿರ ಕ್ಷಮೆ ಕೇಳಿದೆ.

ಅಳುವುದಕ್ಕೂ ನಮಗೆ ಹೆಚ್ಚು ಹೊತ್ತಿರಲಿಲ್ಲ.

"ಮಗಳೇ, ಕೇಳು. ಹದಿನೇಳಕ್ಕೇ ಎತ್ತಿದ್ದು ಅನ್ನೋದಕ್ಕೆ ಬರಹದಲ್ಲಿ ಏನಿದೆ?"

"ಚಾರ್ಟ್ ಯಾರೂ ತಿದ್ದಲಿಲ್ಲ. ಹಗ್ಗ ಕಟ್ಟೋ ತಂಡ ಗುತ್ತಿಗೆಯೋರು, ಬೇರೆ ದೇಶದ ಕೆಲಸಕ್ಕೆ ಹೋದ್ರು. ಕ್ರೇನಿನ ಲಾಗ್ ಬುಕ್ಕಲ್ಲಿ ಮಾತ್ರ ಇದೆ. ನನ್ನ ಕೈಯಲ್ಲೇ ಬರೆದಿದ್ದೀನಿ, ಗಂಟೆ ನಿಮಿಷದ ಸಮೇತ."

"ಕೊಡು ಇಲ್ಲಿ. ಅದನ್ನು ನನ್ನ ಸೊಂಟಕ್ಕೆ ಕಟ್ಕೊಂಡು ಹೋಗ್ತೀನಿ."

ಅವಳು ಕಣ್ಣೊರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿದಳು. "ನಿಮ್ಮ ಹತ್ರಾನೇ ಇದ್ಯಲ್ಲ ಚಿಕ್ಕಮ್ಮ?"

"ನನ್ನ ಹತ್ರ?"

"ಬೆಳಿಗ್ಗೆ ದೊಡ್ಡಪ್ಪ ಬಂದಿದ್ರು. 'ನಿನ್ನ ಚಿಕ್ಕಮ್ಮ ಲಾಗ್ ಬುಕ್ ಕೇಳ್ತಿದ್ದಾಳೆ, ಕೊಡು, ಮುಟ್ಟಿಸ್ತೀನಿ' ಅಂದ್ರು. ಇಲ್ಲೇ ಕೂತು ಪುಟ ತಿರುಗಿಸಿ ನೋಡಿದ್ರು. 'ಓ, ಇಪ್ಪತ್ತಕ್ಕಲ್ವಾ ಎತ್ತಿದ್ದು?' ಅಂತ ಕೇಳಿದ್ರು. ಅಲ್ಲ ಅಂದೆ. ಬುಕ್ಕನ್ನ ತಗೊಂಡು ಎದ್ದು ಹೋದ್ರು. ನಿಮಗೆ ಕೊಡಲಿಲ್ವಾ?"

ಲಾಗ್ ಬುಕ್ ಅನ್ನುವುದೊಂದಿದೆ ಎಂದು ನನಗೆ ಗೊತ್ತಾದದ್ದೇ ಆ ಗಳಿಗೆಯಲ್ಲಿ. ನಾನು ಯಾರನ್ನೂ ಕೇಳಿರಲಿಲ್ಲ.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳಿಗೆ ಈ ಭೂಮಿಯ ಮೇಲೆ ಹಿರಿಯರೆಂದು ಉಳಿದವರು ಇಬ್ಬರು, ನಾನು ಮತ್ತು ಆ ದೊಡ್ಡಪ್ಪ. ನಾನು ಬಾಯಿ ತೆರೆಯುವಷ್ಟರಲ್ಲಿ ಹಡಗಿನ ಕಡೆಯಿಂದ ಗೊರಗೊರ ಸದ್ದು ಶುರುವಾಯಿತು. ಕಿಟಕಿಯ ಗಾಜು ಅದುರಿತು. ಗೋಡೆ ಉಜ್ಜುವವರ ಕಂಪ್ರೆಸರ್. ಗಡಿಯಾರ ನೋಡಿದೆ. ಮೂರಾಗಲು ಇನ್ನೂ ಒಂದೂವರೆ ಗಂಟೆಯಿತ್ತು.

"ಓಡು," ಎಂದೆ. "ನನ್ನ ಮಂಡಿಯಲ್ಲಿ ಆಗಲ್ಲ. ಕಾವಲಿನವಳಿಗೆ ಹೇಳು, ಯಾರನ್ನೂ ಒಳಗೆ ಬಿಡಬೇಡ ಅಂತ. ಪೈಪಿನ ಮುಂದೆ ಅಡ್ಡ ನಿಂತ್ಕೋ. ನೀನಿದ್ರೆ ಅವರು ಗಾಳಿ ಬಿಡಲ್ಲ."

ಅವಳು ಬಾಗಿಲಿಗೆ ಹೋದಳು, ಹೊರಗೆ ನೋಡಿ ಅಲ್ಲೇ ನಿಂತಳು. ಅವಳ ಮುಖದಲ್ಲಿ ನೆಮ್ಮದಿ ಮೂಡಿತು.

"ದೊಡ್ಡಪ್ಪಾನೇ ಬರ್ತಿದ್ದಾರೆ ಚಿಕ್ಕಮ್ಮ. ಅವರು ಒಂದು ಮಾತು ಹೇಳಿದ್ರೆ ನಿಂತುಹೋಗತ್ತೆ," ಎಂದು ಕೈ ಬೀಸಿ ಕರೆದಳು.

ಕಿಟಕಿಯಿಂದ ನನಗೂ ಕಂಡಿತು. ಭಾವನ ಅಣ್ಣ ಹಳಿಗಳನ್ನು ದಾಟಿ, ಅವಸರವಿಲ್ಲದೆ, ನಮ್ಮ ಕೋಣೆಯ ಕಡೆಗೇ ಬರುತ್ತಿದ್ದರು. ತಮ್ಮನ ಮಗಳನ್ನು ನೋಡಿ ನಕ್ಕು ಕೈಯೆತ್ತಿದರು. ಅವರ ಎರಡೂ ಕೈ ಖಾಲಿಯಾಗಿದ್ದವು, ಚೀಟಿಯೂ ಇರಲಿಲ್ಲ, ಲಾಗ್ ಬುಕ್ಕೂ ಇರಲಿಲ್ಲ.